ಮಂತ್ರಿಸಿದ ಅಕ್ಕಿ

ಬೆಳಗಾದರೆ ಕಾಟಮ್ಮನ ಗುಡಿಸಲಿನಲ್ಲಿ ಒಂದೇ ಮಾತು, ಇನ್ನೊಂದು ಚೆಂಬು ಕುಡಿಯೋ ಎಂದು. ಮಗ ಕದರಪ್ಪ ರಾಗಿ ಅಂಬಲಿ ಕುಡಿದು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಅವಳು ನೀರು ಹಿಡಿದು ಎದುರಿಗೆ ನಿಲ್ಲುವಳು. ಹೊಟ್ಟೆ ಉಬ್ಬರಿಸುತ್ತೆ ಅಂತ ಹುಡುಗ ಗೋಗರೆದರೂ ಬಿಡಳು. ಶಾಲೆಗೆ ಹೋಗುವ ಮಗನಿಗೆ ಬೇರೆ ತಾಯಂದಿರು ತಲೆ ಬಾಚಿ, ಬಳಪ ಕೊಟ್ಟು ಕಳಿಸುತ್ತಾರೆ. ಈ ತಾಯಿ ದೂರದ ಸಂತೆಗೆ ಹೊಡೆಯುವ ಎತ್ತಿಗೆ ಕುಡಿಸಿದ ಹಾಗೆ ನೀರು ಕುಡಿಸಿ ಕಳಿಸುತ್ತಿದ್ದಳು. ಯಾಕೆಂದರೆ ಶಾಲೆಯಲ್ಲಿ ಅವನಿಗೆ ನೀರಿರಲಿಲ್ಲ.

ಇದು ಮದರಾಸು ಸರ್ಕಾರದ ಕಾಲದ್ದು, ರೊಳ್ಳದ ಕಡೆಯ ಒಂದು ಊರಿನ ಮಾತು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರುಗಳವರು ನಮ್ಮದಲ್ಲವಲ್ಲ ಎಂದು ಮಗ್ಗುಲು ಬದಲಿಸಿ ಮಲಗುತ್ತಾರೆ. ನನ್ನ ಮನೆ ಶಾಲೆಯ ಎದುರಿಗೇ ಇತ್ತು. ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರೆ ಒಳಗಿನ ಪಾಠವೂ ಕೇಳುತ್ತಿತ್ತು, ಹೊರಗಿನ ರಂಪವೂ ಕಾಣುತ್ತಿತ್ತು. ಹೆಂಗಸಿಗೆ ಯಾಕೆ ಈ ಉಸಾಬರಿ ಎನ್ನುವವರು ಎನ್ನಲಿ, ನಾನಂತೂ ಹೇಳಿಯೇ ಹೇಳುತ್ತೇನೆ.

ಊರವರು ಮುಟ್ಟದ ಕೇರಿಯ ಮಕ್ಕಳನ್ನೂ ಬೋರ್ಡು ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಹೆಡ್ಮೇಷ್ಟ್ರು ಲಕ್ಷ್ಮೀನರಸಪ್ಪನವರು ಹುಕುಂ ಮೀರಲಿಲ್ಲ. ಕದರಪ್ಪನನ್ನು ಸೇರಿಸಿಕೊಂಡರು, ಬಾಗಿಲ ಹೊರಗೆ ಕೂರಿಸಿದರು. ನೀರಿನ ವಿಷಯ ಹುಕುಮಿನಲ್ಲಿ ಇರಲಿಲ್ಲ. ಕೊಡ ಒಳಗಿತ್ತು, ಮಿಕ್ಕ ಮಕ್ಕಳು ಚೆಂಬು ಅದ್ದಿ ಕುಡಿಯುತ್ತಿದ್ದರು. ಕದರಪ್ಪ ಬೊಗಸೆ ಒಡ್ಡಿದರೆ ಮೇಲಿಂದ ಹೊಯ್ಯಬಹುದಿತ್ತು. ಆದರೆ ಹೊಯ್ದ ಹುಡುಗನಿಗೆ ಮನೆಯಲ್ಲಿ ತಲೆಯ ಮೇಲೆ ತಣ್ಣೀರು, ಬೆನ್ನ ಮೇಲೆ ಏಟು. ಯಾರು ಹೊಯ್ದಾರು?

ಹುಡುಗ ಲೆಕ್ಕದಲ್ಲಿ ಚುರುಕು. ಅದೇ ಅವನ ತಪ್ಪಾಯಿತು. ಲೆಕ್ಕ ಸರಿಯಾದಾಗಲೆಲ್ಲ ಹೆಡ್ಮೇಷ್ಟ್ರು ಹಲಗೆಯನ್ನು ಕೋಲಿನ ತುದಿಯಿಂದ ತಿರುಗಿಸಿ ನೋಡಿ, ಯಾರದನ್ನು ನೋಡಿ ಬರೆದೆ ಎಂದು ಕೇಳುವರು. ಅಲ್ಲ, ಅವನ ಪಕ್ಕದಲ್ಲಿ ಕಂಬ ಬಿಟ್ಟರೆ ಯಾರಿದ್ದರು? ಕಂಬ ಲೆಕ್ಕ ಹೇಳಿಕೊಡುತ್ತಿತ್ತೇ? ಇಂಥ ಹುಡುಗನಿಗೆ ತಾನಾಗಿ ಬಂದೀತು ಎಂಬುದು ಮಾತ್ರ ಆ ಪುಣ್ಯಾತ್ಮರ ತಲೆಗೆ ಹೋಗಲೇ ಇಲ್ಲ.

ಹುಡುಗನನ್ನು ಶಾಲೆಗೆ ಕರೆತಂದವರು ಎರಡನೆಯ ಮೇಷ್ಟ್ರು ಸಂಜೀವಪ್ಪ. ರಾಯದುರ್ಗದ ನೇಕಾರರ ಮನೆಯವರು, ಹೊಸದಾಗಿ ಬಂದವರು. ಅವರು ಕೇರಿಗೆ ಕಾಲಿಟ್ಟ ದಿನವೇ ಊರಿಗೆ ಅನುಮಾನ ಹತ್ತಿತು: ಇವನು ಕಿರಸ್ತಾನನೋ, ಕಾಂಗ್ರೆಸ್ಸಿನವನೋ? ಕೇರಿಗೂ ಅನುಮಾನ. ಕದರಪ್ಪನ ತಂದೆ ಪಾಪಣ್ಣ, ಊರ ಯಜಮಾನ ದೊಡ್ಡರಂಗಪ್ಪನ ಹೊಲದಲ್ಲಿ ದುಡಿಯುವವನು, ಹೆಂಡತಿಗೆ ದಿನವೂ ಹೇಳುತ್ತಿದ್ದ, ನಮ್ಮನ್ನ ಯಾರೂ ಸುಮ್ಮನೆ ಕರೆಯುವುದಿಲ್ಲ, ಏನೋ ಇದೆ ಇದರಲ್ಲಿ ಎಂದು. ಕಾಟಮ್ಮನಿಗೂ ಸಂಶಯವಿತ್ತು. ಆದರೂ ಕಳಿಸಿದಳು. ಮಗ ಅಂಚೆಯ ಕಾಗದ ಓದುವಂತಾಗಲಿ ಎಂಬ ಆಸೆ ಅವಳಿಗೆ.

ಹೀಗಿರುವಾಗ ಬೇಸಿಗೆಯ ಒಂದು ಬೆಳಿಗ್ಗೆ ಹೆಡ್ಮೇಷ್ಟ್ರ ಬೆಳ್ಳಿಯ ನಶ್ಯದ ಡಬ್ಬಿ ಕಾಣೆಯಾಯಿತು.

ಮಾವ ಕೊಟ್ಟ ಡಬ್ಬಿ. ನಶ್ಯವಿಲ್ಲದೆ ಆ ಮನುಷ್ಯನಿಗೆ ಮಗ್ಗಿ ಕೂಡ ಹೇಳಿಸಲು ಬಾರದು. ಮೇಜು ತಡಕಿದರು, ಕೋಟು ಕೊಡವಿದರು. ಮನೆಯಲ್ಲೇ ಬಿಟ್ಟು ಬಂದಿರಾ ಎಂದು ಕೇಳಿದ ಸಂಜೀವಪ್ಪನವರನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಕಣ್ಣು ಬಾಗಿಲ ಹೊರಗೆ ಹೋಯಿತು. ನಾನು ಕಂಡೆ, ನೆಟ್ಟಗೆ ಅಲ್ಲಿಗೇ ಹೋಯಿತು. ಅಂಗಳದ ಗೇಟು ಹಾಕಿಸಿದರು, ತೀರ್ಮಾನವಾಗುವ ತನಕ ಒಂದು ನರಪಿಳ್ಳೆಯೂ ಮನೆಗೆ ಹೋಗಕೂಡದು ಎಂದರು. ದೊಡ್ಡರಂಗಪ್ಪನಿಗೆ ಹೇಳಿಕಳಿಸಿದರು. ಅವನು ಬಂದವನೇ, ಪೂಜಾರಿಯನ್ನು ಕರೆಸಿ ಅಕ್ಕಿ ಕೊಡಿಸಿ ಅಂದ.

ನಮ್ಮ ಕಡೆ ಕಳ್ಳನನ್ನು ಹಿಡಿಯುವ ಪದ್ಧತಿ ಅದು. ಪೂಜಾರಿ ಅಕ್ಕಿಯನ್ನು ಮಂತ್ರಿಸಿ ಒಬ್ಬೊಬ್ಬರಿಗೂ ಒಂದು ಹಿಡಿ ಕೊಡುತ್ತಾನೆ. ಅಗಿದು ಉಗುಳಬೇಕು. ನಿಜವಂತರ ಬಾಯಲ್ಲಿ ಅಕ್ಕಿ ನೆನೆದು ಹಿಟ್ಟಾಗುತ್ತದಂತೆ, ಕಳ್ಳನ ಬಾಯಲ್ಲಿ ಒಣಗಿದ ಹಾಗೇ ಉಳಿಯುತ್ತದಂತೆ. ಎಷ್ಟು ಮನೆ ಮುರಿಯಿತೋ ಈ ಅಕ್ಕಿ.

ಪೂಜಾರಿ ಉಂಡು, ಮಲಗಿ, ಎದ್ದು ಬರುವ ಹೊತ್ತಿಗೆ ಹೊತ್ತು ಇಳಿದಿತ್ತು. ಒಳಗಿನ ಮಕ್ಕಳು ಬಾಯಾರಿದಾಗಲೆಲ್ಲ ಕೊಡಕ್ಕೆ ಹೋಗಿ ಬರುತ್ತಿದ್ದರು. ಹೊರಗಿನವನು ಬಿಸಿಲಿನಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಎದ್ದು ಗೇಟಿನ ತನಕ ಹೋದರೆ, ಓಡಿಹೋಗಲು ನೋಡುತ್ತಾನೆ ಎಂದು ಕೂಗು. ಗೇಟಿನ ಸಂದಿನಲ್ಲಿ ನೀರು ಕೊಡಲು ಹೋದ ನನ್ನನ್ನೂ ಗದರಿಸಿ ಕಳಿಸಿದರು.

ಮಕ್ಕಳೆಲ್ಲ ಅಗಿದು ಉಗುಳಿದರು, ಬೆಳ್ಳಗೆ ಹಿಟ್ಟು. ಕದರಪ್ಪ ಅಗಿದ, ಅಗಿದೇ ಅಗಿದ. ಕೊನೆಗೆ ಉಗುಳಿದರೆ ಒಣ ನುಚ್ಚು. ಅಂಗಳವೆಲ್ಲ ಹೋ ಎಂದಿತು.

"ಮುಂಜಾನಿಂದ ಹುಡುಗ ಒಂದು ಹನಿ ನೀರು ಕುಡಿದಿಲ್ರಿ. ಬಾಯಾಗ ಎಂಜಲು ಎಲ್ಲಿಂದ ಬರಬೇಕ್ರಿ?" ಎಂದರು ಸಂಜೀವಪ್ಪ.

"ಅಕ್ಕಿ ಕೊಟ್ಟೋನು ದೇವ್ರು ಕಣ್ರೀ, ನಾನಲ್ಲ," ಎಂದ ದೊಡ್ಡರಂಗಪ್ಪ. "ನಮ್ ತಾತನ ಕಾಲ್ದಿಂದ ಬಂದೈತೆ. ನೀವು ರಾಯದುರ್ಗದಿಂದ ಬಂದು ದೇವ್ರಿಗೆ ಪಾಠ ಹೇಳ್ತೀರಾ?"

ಮುಟ್ಟಿ ಹೊಡೆದರೆ ಮೈಲಿಗೆ. ಅದಕ್ಕೆ ಹೆಡ್ಮೇಷ್ಟ್ರು ದೂರದಿಂದಲೇ ಬೆತ್ತ ಬೀಸಿ ಎಸೆದರು. ಅದು ತಾಗಿ ಹುಡುಗನ ಹುಬ್ಬು ಒಡೆಯಿತು. ಸಂಜೀವಪ್ಪನವರು ಓಡಿಹೋಗಿ ಅವನನ್ನು ಎತ್ತಿಕೊಂಡರು. ಎತ್ತಿಕೊಂಡವರು ಒಂದು ಗಳಿಗೆ ಅವನ ಮುಖವನ್ನು ದಿಟ್ಟಿಸಿ ನೋಡಿದರು, ನಿಜವಾಗಿಯೂ ಇವನೇ ಇರಬಹುದೇ ಎಂಬಂತೆ. ಅವರೇ ಆಮೇಲೆ ನನಗೆ ಹೇಳಿ ಕಣ್ಣೀರು ಹಾಕಿದ್ದುಂಟು. ಒಳ್ಳೆಯವರ ಎದೆಯೊಳಗೂ ಈ ಸಂಶಯ ಹೊಕ್ಕು ಕೂತಿರುತ್ತದೆ, ಅದಕ್ಕೇ ನನಗೆ ಸಿಟ್ಟು.

ಸಂಜೆ ಪಾಪಣ್ಣ ಮಾಡಿದ್ದನ್ನು ಕಾಟಮ್ಮನೇ ಆಮೇಲೆ ನನಗೆ ಹೇಳಿದಳು. ಅವನಿಗೂ ಅಕ್ಕಿಯ ಮೇಲೆ ನಂಬಿಕೆ. ಎಲ್ಲಿಟ್ಟಿದ್ದೀಯ ಹೇಳು ಎಂದು ಮಗನನ್ನು ಬಡಿದ. ರಾಗಿಯ ಮಡಕೆ ಸುರುವಿದ, ಸೂರಿನ ಹುಲ್ಲು ಕಿತ್ತು ನೋಡಿದ, ಒಲೆಯ ಬೂದಿ ಕೆದಕಿದ. ನಾನು ತಕ್ಕೊಂಡಿಲ್ಲ ಎಂದು ಹುಡುಗ ಅತ್ತೂ ಅತ್ತೂ ಕೊನೆಗೆ ಸುಮ್ಮನಾದ. ತಂದೆಯೇ ನಂಬದ ಮೇಲೆ ಯಾರಿಗೆ ಹೇಳಬೇಕು?

ಕಾಟಮ್ಮ ಕೂಲಿಯಿಂದ ಬಂದಾಗ ಮನೆ ಸೂರೆ ಹೋದ ಹಾಗಿತ್ತು. ಮೊದಲು ಅವಳಿಗೂ ಅನ್ನಿಸಿತು, ಅಕ್ಕಿ ಸುಳ್ಳು ಹೇಳುತ್ತದೆಯೇ ಎಂದು. ಮಗನ ಹುಬ್ಬಿನ ರಕ್ತ ಒರೆಸುತ್ತ, ನೀರು ಕುಡಿದಿದ್ದೆಯಾ ಎಂದು ಕೇಳಿದಳು. ಬೆಳಿಗ್ಗೆ ನೀನು ಕೊಟ್ಟಿದ್ದೇ ಅಂದ. ಅವಳ ಕೈ ನಿಂತಿತು. ಆ ದಿನ ತಾನು ಬಿಸಿಲಿನಲ್ಲಿ ಹೊಲದ ಕಲ್ಲು ಆಯುತ್ತ, ಮಧ್ಯಾಹ್ನ ಒಣ ಮುದ್ದೆ ಬಾಯಿಗಿಟ್ಟರೆ ನುಂಗಲಾಗದೆ ಉಗುಳಿದ್ದು ನೆನಪಾಯಿತು. ಅದನ್ನು ಗಂಡನಿಗೆ ಹೇಳಿದಳು. ಬಾಯಾರಿದವರೆಲ್ಲ ಕಳ್ಳರಾದರೆ ನಾನೂ ಕಳ್ಳಿಯೇ, ನನ್ನನ್ನೂ ಬಡಿ ಎಂದಳು. ಪಾಪಣ್ಣ ಸುರುವಿದ ರಾಗಿಯನ್ನು ಬಾಚಿ ಮಡಕೆಗೆ ತುಂಬತೊಡಗಿದ.

ಮರುದಿನ ಕದರಪ್ಪನ ಹೆಸರನ್ನು ಹಾಜರಿ ಪಟ್ಟಿಯಿಂದ ಹೊಡೆದುಹಾಕುವ ಪಂಚಾಯ್ತಿ ಶಾಲೆಯ ಅಂಗಳದಲ್ಲಿ ಸೇರಿತು. ಸಂಜೀವಪ್ಪನವರು ಸ್ಕೂಲು ಇನ್ಸ್‌ಪೆಕ್ಟರಿಗೆ ಬರೆಯುತ್ತೇನೆ ಎಂದು ಹಟ ಹಿಡಿದಿದ್ದರು. ಅದಕ್ಕೆ ಯಜಮಾನ ಉಪಾಯ ಮಾಡಿದ: ಎಲ್ಲರ ಎದುರಿಗೆ ಹುಡುಗ ಇನ್ನೊಮ್ಮೆ ಅಗಿಯಲಿ, ಆಮೇಲೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಬಿಸಿಲೇರಿದ ಮೇಲೆ ಹುಡುಗನನ್ನು ನೀರಿಲ್ಲದೆ ಕೂರಿಸಿ, ಮಾತಿಗೆ ಮಾತು ಬೆಳೆಸಿ ಮಧ್ಯಾಹ್ನ ಮಾಡಿದರು. ಪೂಜಾರಿ ಅಕ್ಕಿಯ ತಟ್ಟೆ ಹಿಡಿದು ಎದ್ದ.

ಕಾಟಮ್ಮ ಮಗನ ಮುಂದೆ ಬಂದು ನಿಂತಳು. ಡಬ್ಬಿ ಹೆಡ್ಮೇಷ್ಟ್ರದು, ದಿನವೂ ಮುಟ್ಟುವವರು ಅವರೇ, ಮೊದಲು ಅವರು ಅಗಿಯಲಿ ಎಂದಳು. ಅಂಗಳ ಗುಜುಗುಜು ಎಂದಿತು. ಲಕ್ಷ್ಮೀನರಸಪ್ಪನವರಿಗೆ ಅವಮಾನವಾಗಿ ಮುಖ ಕೆಂಪಾಯಿತು. ನನಗೇನು ಭಯ, ತಾರಯ್ಯ ಎಂದು ಎದ್ದರು. ಬೆಳಿಗ್ಗೆಯಿಂದ ಮಾತಾಡಿ ಮಾತಾಡಿ ಗಂಟಲು ಕಟ್ಟಿತ್ತು. ಎರಡು ಸಲ ಕೆಮ್ಮಿದರು, ತುಟಿ ಸವರಿಕೊಂಡರು. ಅಕ್ಕಿಗೆ ಕೈಯೊಡ್ಡುವ ಮೊದಲು ಹಿಂದಕ್ಕೆ ತಿರುಗಿ, ಲೇ, ಒಂದು ಚೆಂಬು ನೀರು ತಾರೋ ಎಂದರು.

ಚೆಂಬು ಬಂತು. ಅವರು ಹಿಡಿದುಕೊಂಡರು, ಬಾಯ ತನಕ ಒಯ್ದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಆಗ ಅವರಿಗೆ ತಿಳಿಯಿತು.

"ಕುಡೀರಿ ಸಾಮಿ," ಅಂದಳು ಕಾಟಮ್ಮ. ದನಿ ಏರಿಸಲಿಲ್ಲ. "ಬಾಯಿ ಒಣಗಿದ್ರೆ ಯಾರಿಗಾದ್ರೂ ನೀರು ಬೇಕು. ಕುಡಿದು ಅಗೀರಿ. ಆಮೇಲೆ ನನ್ ಮಗನ್ಗೂ ಅದೇ ಕೊಡದಾಗಿಂದ ಕೊಡಿ, ಅವ್ನೂ ಅಗೀತಾನೆ."

ದೊಡ್ಡರಂಗಪ್ಪ ಎದ್ದು ನಿಂತ. ಕೊಡ ಮುಟ್ಟಿದರೆ ನಮ್ಮ ಮಕ್ಕಳು ಈ ಶಾಲೆಯಲ್ಲಿ ಇರುವುದಿಲ್ಲ ಎಂದ. ಹಾಗಾದರೆ ಅಕ್ಕಿಯೂ ಬೇಡ ಎಂದು ಪೂಜಾರಿ ಮೆಲ್ಲಗೆ ತಟ್ಟೆ ಮುಚ್ಚಿದ. ದೇವರ ಹೆಸರು ಹೇಳಿದ ಯಜಮಾನನಿಗೆ ಒಂದು ಚೆಂಬು ನೀರು ಕೊಡಿಸುವ ಧೈರ್ಯ ಇರಲಿಲ್ಲ. ಹೆಡ್ಮೇಷ್ಟ್ರು ಕುಡಿಯದೆ ಚೆಂಬನ್ನು ಕೆಳಗಿಟ್ಟರು.

ಸಂಜೀವಪ್ಪನವರು ಯಾರನ್ನೂ ಕೇಳಲಿಲ್ಲ. ಒಳಗೆ ಹೋಗಿ ಕೊಡವನ್ನೇ ಎತ್ತಿಕೊಂಡು ಬಂದು ಹುಡುಗನ ಮುಂದೆ ಇಟ್ಟರು. "ನೀನ ಅದ್ದಿ ಕುಡಿ ತಮ್ಮಾ," ಅಂದರು. ಹುಡುಗ ತಾಯಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಕುಡಿದ. ಗಟಗಟ ಎಂದು ಕುಡಿದ ಸದ್ದು ನಮ್ಮ ಜಗಲಿಯ ತನಕ ಕೇಳಿತು.

ಈಗಲಾದರೂ ಅಗಿಯಲಿ ಎಂದು ಹಿಂದಿನಿಂದ ಯಾರೋ ಅಂದರು. ಕಾಟಮ್ಮ ಆ ಕಡೆ ತಿರುಗಿದಳು.

"ಇನ್ನು ಅಗಿಯಾಕಿಲ್ಲ. ಕದ್ದೋನ್ನ ಹುಡ್ಕೋದು ನಿಮ್ ಕೆಲ್ಸ, ಓದೋದು ಇವನ್ ಕೆಲ್ಸ. ನಾಳೆನೂ ಬತ್ತಾನೆ, ನಾಳಿದ್ದೂ ಬತ್ತಾನೆ."

ಬಂದ. ಆ ವಾರ ಊರವರು ಮಕ್ಕಳನ್ನು ಬಿಡಿಸಿಕೊಂಡರು, ಶಾಲೆ ಭಣಭಣ ಎನ್ನುತ್ತಿತ್ತು. ನಾನು ನನ್ನ ಮೊಮ್ಮಗನನ್ನು ಕಳಿಸಿದೆ, ಇಬ್ಬರೂ ಒಂದೇ ಹಲಗೆಯ ಮೇಲೆ ಲೆಕ್ಕ ಮಾಡಿದರು. ಬೇಸಾಯ ಶುರುವಾಗುವ ಹೊತ್ತಿಗೆ ಒಬ್ಬೊಬ್ಬರಾಗಿ ಮಿಕ್ಕವರೂ ಹಿಂದಿರುಗಿದರು, ದೊಡ್ಡರಂಗಪ್ಪನ ಮಕ್ಕಳು ಮಾತ್ರ ಬರಲಿಲ್ಲ.

ನಶ್ಯದ ಡಬ್ಬಿ ಸಿಗಲಿಲ್ಲ. ಅದನ್ನು ಕದ್ದವರು ಯಾರೆಂದು ನನ್ನನ್ನು ಕೇಳುವವರು ಈಗಲೂ ಇದ್ದಾರೆ. ಆ ಮಗುವಿಗೆ ಅಷ್ಟು ದಿನ ನೀರು ಯಾಕೆ ಕೊಡಲಿಲ್ಲವೆಂದು ಇವತ್ತಿನ ತನಕ ಒಬ್ಬರೂ ಕೇಳಿಲ್ಲ.