ಎರಡು ಕಣ್ಣು, ಎರಡು ಸಾಕ್ಷಿ

ಬಣ್ಣದಂಗಡಿಯ ಹಿಂಬದಿಯ ಮೇಜಿನಲ್ಲಿ ಮೂವತ್ತೆರಡು ವರ್ಷದಿಂದ ಬಣ್ಣ ಬೆರೆಸುತ್ತಿದ್ದ ಮನುಷ್ಯನಿಗೆ ಜನ ಇಟ್ಟ ಹೆಸರು ಕಣ್ಣಾರೆ ಮಾಮ. ಮಾತು ಎಲ್ಲಿಂದ ಶುರುವಾದರೂ ಅವನದು ಒಂದೇ ಕಡೆ ಬಂದು ನಿಲ್ಲುತ್ತಿತ್ತು: "ನಾನು ಕಣ್ಣಾರೆ ಕಂಡಿದ್ದೀನಿ ರೀ." ಪತ್ರಿಕೆಯಲ್ಲಿ ಬಂದದ್ದು ಸುಳ್ಳು, ಹವಾಮಾನದವರು ಹೇಳಿದ್ದು ಸುಳ್ಳು, ಪಕ್ಕದ ಮನೆಯವಳು ಹೇಳಿದ್ದಂತೂ ಸುಳ್ಳೇ ಸುಳ್ಳು. ಕಂಡದ್ದು ಮಾತ್ರ ನಿಜ, ಅದೂ ಅವನು ಕಂಡರೆ.

ಜಂಭಕ್ಕೆ ಕಾರಣ ಇಲ್ಲದಿರಲಿಲ್ಲ. ಗಿರಾಕಿ ಬಂದು "ನಮ್ಮ ಮನೆ ಹಾಲ್‌ನಲ್ಲಿರೋ ಬಣ್ಣಾನೇ ಇನ್ನೊಂದು ಡಬ್ಬಿ ಬೇಕು" ಅಂದರೆ ಬೇರೆ ಅಂಗಡಿಯವರು ಗೋಡೆಯ ಚಕ್ಕೆ ತನ್ನಿ ಅನ್ನುತ್ತಿದ್ದರು. ಇವನು ಕೇಳುತ್ತಿದ್ದುದು ವಿಳಾಸ. "ಓ, ಆ ಮೂಲೆ ಮನೆ" ಅಂದು ಬಿಳಿ ಡಬ್ಬಿಯ ಮುಚ್ಚಳ ಎಬ್ಬಿಸಿ, ಸ್ಟೇನರ್ ಬಾಟಲಿಯಿಂದ ಹನಿ ಹನಿಯಾಗಿ ಬಣ್ಣ ಬಿಟ್ಟು, ಕಡ್ಡಿಯಲ್ಲಿ ತಿರುವಿ, ತನ್ನ ತಲೆಯೊಳಗಿರುವ ಗೋಡೆಯ ಜೊತೆ ಹೋಲಿಸಿ "ತಗೊಂಡ್ಹೋಗಿ" ಅನ್ನುತ್ತಿದ್ದ. ಮಾದರಿ ಚಕ್ಕೆಯನ್ನು ಪಕ್ಕದಲ್ಲಿಟ್ಟುಕೊಂಡು ಬೆರೆಸುವುದೆಂದರೆ ಅವನಿಗೆ ಪರೀಕ್ಷೆಯಲ್ಲಿ ಚೀಟಿ ನೋಡಿ ಬರೆದಷ್ಟೇ ಅವಮಾನ.

ಅವನ ಹೆಸರು ಮೆರೆದದ್ದು ಬಿಳಿಯಲ್ಲಿ. ಡಬ್ಬಿಯಲ್ಲಿರುವ ಬಿಳಿ ಗೋಡೆಗೆ ಬಿದ್ದರೆ ಕೊಂಚ ಹಳದಿ ಹೊಡೆಯುತ್ತದೆ. ಒಂದೆರಡು ಹನಿ ನೀಲಿ ಬಿಟ್ಟರೆ ಆ ಹಳದಿ ಸಾಯುತ್ತದೆ. ಎಷ್ಟು ಹನಿ ಅನ್ನುವುದಕ್ಕೆ ಪುಸ್ತಕವಿಲ್ಲ, ಕಣ್ಣಿಗೆ ಹಳದಿ ಕಾಣದಾಗುವ ತನಕ.

ಹೀಗಿರುವಾಗ ಶಾಲೆಯೊಂದರ ಮೊಗಸಾಲೆಯಲ್ಲಿ ನೀರಿನ ಪೈಪು ಒಡೆದು ಗೋಡೆ ಹಾಳಾಯಿತು. ಏಳೆಂಟು ವರ್ಷದ ಹಿಂದೆ ಆ ಗೋಡೆಗೆ ಬಿಳಿ ಬೆರೆಸಿಕೊಟ್ಟವನು ಕಣ್ಣಾರೆ ಮಾಮನೇ. ತೇಪೆಗೆ ಬೇಕಾದಷ್ಟನ್ನು ಈಗಲೂ ನೆನಪಿನಿಂದಲೇ ಬೆರೆಸಿ ಕಳಿಸಿದ. ಮೂರನೇ ದಿನ ಪೇಂಟರ್ ಮೇಸ್ತ್ರಿ ಡಬ್ಬಿ ಹಿಡಿದುಕೊಂಡು ವಾಪಸ್ ಬಂದ.

"ಮಾಮ, ಹೆಡ್‌ಮೇಡಂ ಕೇಳ್ತಾ ಇದಾರೆ, ಗೋಡೇಲಿ ಕಿಟಕಿ ಯಾವಾಗ ಇಟ್ರಿ ಅಂತ. ಆಕಾಶ ಕಂಡ ಹಾಗೆ ಕಾಣ್ತಿದೆ."

ಮಾಮ ಖುದ್ದು ಹೋಗಿ ನೋಡಿದ. ಹಳೆ ಬಿಳಿ, ಹೊಸ ಬಿಳಿ, ಅವನ ಕಣ್ಣಿಗೆ ಎರಡೂ ಒಂದೇ. ಮೇಸ್ತ್ರಿ ನೀಲಿ ಅಂದ, ಹೆಡ್‌ಮೇಡಂ ನೀಲಿ ಅಂದರು, ಗಂಟೆ ಹೊಡೆಯುವವನು ಯಾರೂ ಕೇಳದೆಯೇ ನೀಲಿ ಅಂದ. "ಮೂರು ಜನ ಸೇರಿಕೊಂಡು ಏನು ಬೇಕಾದ್ರೂ ಹೇಳಬಹುದು. ನಾನು ಕಣ್ಣಾರೆ ಕಾಣ್ತಾ ಇದ್ದೀನಲ್ಲ!" ಎಂದು ಕೂಗಾಡಿ ಬಂದ.

ಅಂಗಡಿಯ ಯಜಮಾನಿ ಹಳೆ ಯಜಮಾನರ ಮಗಳು, ಮಾಮನ ಮೇಜಿನ ಕೆಳಗೆ ಆಡಿ ಬೆಳೆದವಳು. ಅವಳು ಸೋಪಿನ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ತರಿಸಿದಳು. ಗೋಡೆಗೆ ಒತ್ತಿ ಹಿಡಿದರೆ ಶೇಡ್ ಕಾರ್ಡಿನಲ್ಲಿ ಅದಕ್ಕೆ ಹತ್ತಿರದ ಬಣ್ಣದ ಹೆಸರನ್ನೂ ಯಾವುದನ್ನು ಎಷ್ಟು ಹನಿ ಬೆರೆಸಬೇಕೆಂಬುದನ್ನೂ ಅದು ತೋರಿಸುತ್ತಿತ್ತು. ಮಾಮನ ಮುಖ ಹುಳ್ಳಗಾಯಿತು.

"ಮಾಮ, ಬೇಜಾರು ಮಾಡ್ಕೋಬೇಡಿ. ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ. ಡಾಕ್ಟರು ಎಲ್ಲಾ ಸರಿ ಇದೆ ಅಂದ್ರೆ ಇದನ್ನ ವಾಪಸ್ ಕಳಿಸ್ತೀನಿ. ನಿಮ್ಮ ಮಾತೇ ಮಾತು."

"ಡಾಕ್ಟರ ಬಾಯಲ್ಲೇ ಹೇಳಿಸ್ತೀನಿ" ಅಂದು ಮಾಮ ಎದೆ ಉಬ್ಬಿಸಿಕೊಂಡು ಹೋದ. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಎರಡೂ ಕಣ್ಣಿಗೆ ಪೊರೆ ಬಂದಿದೆ. ಚೆನ್ನಾಗಿ ಹಣ್ಣಾಗಿದೆ. ಇಷ್ಟು ದಿನ ಲೋಕಾನ ಚಹಾದ ಲೋಟದೊಳಗಿಂದ ನೋಡ್ತಾ ಇದ್ದೀರಿ" ಅಂದರು. ಎದೆಯಲ್ಲಿದ್ದ ಗಾಳಿಯೆಲ್ಲ ಅಲ್ಲೇ ಇಳಿಯಿತು. ಮೊದಲು ಬಲಗಣ್ಣು, ಆರು ವಾರ ಬಿಟ್ಟು ಎಡಗಣ್ಣು ಎಂದು ನಿಗದಿಯಾಯಿತು.

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಮಾಮ ಮೊದಲು ನೋಡಿದ್ದು ದಿಂಬಿನ ಹೊದಿಕೆಯನ್ನು. ಅಂಥ ಬಿಳಿಯನ್ನು ಅವನು ತನ್ನ ಜನ್ಮದಲ್ಲಿ ಬೆರೆಸಿರಲಿಲ್ಲ. ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕಕ್ಕಾಬಿಕ್ಕಿಯಾಗಿ ನಿಂತ. ಆರು ವರ್ಷದ ಹಿಂದೆ ತಾನೇ ಬೆರೆಸಿ ತಾನೇ ಬಳಿದ ಬಿಳಿ ಗೋಡೆ ಈಜುಕೊಳದ ಹಾಗೆ ನೀಲಿಯಾಗಿ ಕೂತಿತ್ತು. ಬಲಗಣ್ಣು ಮುಚ್ಚಿದರೆ ಬಿಳಿ. ಎಡಗಣ್ಣು ಮುಚ್ಚಿದರೆ ನೀಲಿ. ಒಂದೇ ಮುಖದ ಎರಡು ಕಣ್ಣುಗಳು ಎರಡು ಕಡೆಯ ವಕೀಲರಂತೆ ವಾದಕ್ಕೆ ನಿಂತಿದ್ದವು.

"ಇದು ನೀಲಿ ಕಣೇ!" ಅಂದ.

ಹೆಂಡತಿ ಮನೆಯಲ್ಲೇ ಅಂಗಿ ಹೊಲಿದುಕೊಡುವವಳು. ಹೊಲಿಗೆ ಯಂತ್ರದಿಂದ ತಲೆ ಎತ್ತದೆ "ಹೌದಾ?" ಅಂದಳು.

"ಆರು ವರ್ಷದಿಂದ ನೀನ್ಯಾಕೆ ಹೇಳಲಿಲ್ಲ?"

"ಮೂರು ಸಲ ಹೇಳಿದೆ ರೀ. ನಾಲ್ಕನೇ ಸಲಕ್ಕೆ ನನಗೂ ಬೇರೆ ಕೆಲಸ ಇತ್ತು."

ಆ ಸಂಜೆ ಮಾಮ ಕಪ್ಪು ಕನ್ನಡಕ ಹಾಕಿಕೊಂಡು, ಮನೆಮನೆಯೆದುರು ಅದನ್ನು ಎತ್ತಿ ಎತ್ತಿ ನೋಡುತ್ತ ಬೀದಿ ಸುತ್ತಿದ. ಮೂಲೆ ಮನೆ ತುಸು ನೀಲಿ. ಕ್ಷೌರದಂಗಡಿ ಇನ್ನಷ್ಟು ನೀಲಿ. ಹೋದ ವರ್ಷ ಬೆರೆಸಿದ ಔಷಧಿ ಅಂಗಡಿಯನ್ನು ನೋಡಿದಾಗ ಅವನಿಗೆ ಅಲ್ಲೇ ಏನಾದರೂ ತಗೊಂಡು ನುಂಗಿಬಿಡೋಣ ಅನಿಸಿತು. ತನ್ನ ಕಣ್ಣಿನ ಹಳದಿಯನ್ನು ಕೊಲ್ಲಲು ಊರವರ ಗೋಡೆಗೆಲ್ಲ ನೀಲಿ ಕುಡಿಸಿದ್ದ. ಜನವೋ, ಕಣ್ಣಾರೆ ಮಾಮನ ಕೈಗುಣ ಅಂದುಕೊಂಡು ಸುಮ್ಮನೆ ಅದರೊಳಗೆ ಸಂಸಾರ ಮಾಡಿಕೊಂಡಿದ್ದರು. ಮರುದಿನ ಅಂಗಡಿಗೆ ಹೋಗಿ, ಯಂತ್ರವನ್ನು ತನ್ನ ಕೈಯಾರೆ ಎತ್ತಿ ಮೇಜಿನ ನಡುವೆ ಇಟ್ಟು, "ಇನ್ನು ಇದರ ಮಾತೇ ಮಾತು" ಅಂದ. ಯಜಮಾನಿ ಅವನ ಸ್ಟೂಲನ್ನು ಅದರ ಪಕ್ಕಕ್ಕೆ ಎಳೆದಿಟ್ಟಳು.

ಕತೆ ಇಲ್ಲಿಗೆ ಮುಗಿದಿದ್ದರೆ ಗರ್ವಭಂಗ ಅಂತ ಹೆಸರಿಟ್ಟು ನಾವೆಲ್ಲ ಖುಷಿಪಡಬಹುದಿತ್ತು.

ನಾಲ್ಕು ದಿನ ಕಳೆದು, ಬೆಳಿಗ್ಗೆ ಹತ್ತರ ಹೊತ್ತಿಗೆ, ಹೆಂಡತಿ ಕಿಟಕಿಯ ಬೆಳಕಿಗೆ ಸೂಜಿ ಎತ್ತಿ ಹಿಡಿದು ದಾರ ಪೋಣಿಸುತ್ತಿದ್ದಳು. ಮಾಮ ಸುಮ್ಮನೆ ಆ ಕಡೆ ನೋಡಿದ. ಅವಳ ಕಣ್ಣಿನ ಬಿಳಿಭಾಗ ಬಿಳಿಯಾಗಿರಲಿಲ್ಲ. ಬಲಗಣ್ಣು ಹಳದಿ ಅಂದಿತು. ಎಡಗಣ್ಣಿನಿಂದ ನೋಡಿದ. ಅದಕ್ಕೆ ಲೋಕವೆಲ್ಲ ಒಂದೇ ಬಣ್ಣ, ಹಾಗಾಗಿ ಹೆಂಡತಿ ಆರೋಗ್ಯವಾಗಿದ್ದಳು. ಮತ್ತೆ ಬಲಗಣ್ಣು. ಹಳದಿ, ಕೆನ್ನೆಯ ಮೇಲೂ ಹಳದಿ.

"ನಿನ್ನ ಕಣ್ಣು ಹಳದಿಯಾಗಿದೆ ಕಣೇ."

"ನಿನ್ನೆ ಮೊನ್ನೆ ಗೋಡೆ ನೀಲಿ ಆಯ್ತು. ಇವತ್ತು ನಾನು ಹಳದಿ. ನಾಳೆ ಹಸಿರಾಗ್ತೀನಿ ಬಿಡಿ" ಅಂದಳು ಅವಳು. "ಸ್ವಲ್ಪ ದಿನ ಬಣ್ಣ ಹೆಚ್ಚುಕಮ್ಮಿ ಕಾಣುತ್ತೆ ಅಂತ ಡಾಕ್ಟರೇ ಹೇಳಿಲ್ವಾ?"

ಹೇಳಿದ್ದರು. ಆದರೂ ಹದಿನೈದು ದಿನದಿಂದ ಅವಳು ಅರ್ಧ ತಟ್ಟೆ ಬಿಟ್ಟು ಏಳುತ್ತಿದ್ದಳು, ಸೆಖೆ ಅನ್ನುತ್ತಿದ್ದಳು. ಮೈ ಕೆರೆದುಕೊಳ್ಳುತ್ತಿದ್ದಳು, ಬಟ್ಟೆಯ ಧೂಳು ಅನ್ನುತ್ತಿದ್ದಳು. ಮೂವತ್ತೆರಡು ವರ್ಷ ಊರೆಲ್ಲ ನಂಬಿದ ಕಣ್ಣು, ಇವತ್ತು ಈ ಒಬ್ಬಳು ನಂಬಬೇಕಾದ ಹೊತ್ತಿಗೆ ಮೂರು ಕಾಸಿಗೂ ಬೆಲೆಯಿಲ್ಲದ್ದಾಗಿತ್ತು. ಎರಡು ದಿನ ಗೋಗರೆದ, ಬೈದ, ಊಟ ಬಿಟ್ಟ. ಅವಳು ಜಗ್ಗಲಿಲ್ಲ.

ಮೂರನೇ ದಿನ ಅಂಗಡಿಗೆ ಓಡಿದ. "ಆ ಯಂತ್ರ ಒಂದು ಗಂಟೆ ಕೊಡಮ್ಮ."

"ಯಾವ ಗೋಡೆ ಮಾಮ?"

"ನನ್ನ ಹೆಂಡತಿ."

ಯಜಮಾನಿ ಅವನ ಮುಖ ನೋಡಿದಳು, ನಗಲಿಲ್ಲ. ಅಂಗಡಿ ಬಾಗಿಲು ಎಳೆದುಕೊಂಡು ತಾನೂ ಹೊರಟಳು.

ಮನೆಯಲ್ಲಿ ಹೆಂಡತಿಯ ಮುಖ ನೋಡಿದ ಯಜಮಾನಿ, ಈ ನೀಲಿ ಗೋಡೆಗಳ ನಡುವೆ ತನಗೂ ಖಚಿತವಾಗುತ್ತಿಲ್ಲ ಅಂದಳು. ಮಾಮ ಮೊದಲು ಯಂತ್ರವನ್ನು ತನ್ನ ಮುಂಗೈಗೆ ಒತ್ತಿಕೊಂಡ. ಗೋಡೆಗೆ ಮಾಡಿದ ಯಂತ್ರ, ಪಾಪ, ಮನುಷ್ಯನನ್ನು ಕಂಡು ಸ್ವಲ್ಪ ಯೋಚಿಸಿ "ಹಳೆ ತೇಗ" ಎಂದು ತೋರಿಸಿತು. ಹೆಂಡತಿಯ ಮುಂಗೈಗೆ ಒತ್ತಿದ. "ನಿಂಬೆ ಬೆಳಕು" ಅಂದಿತು. ಕೆಳಗೆ ಬೆರಕೆಯ ಲೆಕ್ಕ, ಹಳದಿ ಹನ್ನೊಂದು ಹನಿ.

"ನೋಡು! ಹನ್ನೊಂದು ಹನಿ!"

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎರಡು ಕೋಟು ಬಳಿದುಬಿಡಿ ಹಾಗಾದ್ರೆ. ನಾನು ಹುಟ್ಟಿದ್ದೇ ಇದೇ ಬಣ್ಣದಲ್ಲಿ ಅಂದ್ರೆ ಏನ್ಮಾಡ್ತೀರಿ? ಮುಂಚೆ ಅಳೆದಿದ್ರಾ?"

ಅಳೆದಿರಲಿಲ್ಲ. ಮುಂಚೆ ಹೇಗಿದ್ದಳು ಎಂದು ನೆನಪಿಸಿಕೊಳ್ಳಲು ಹೋದ. ಊರಿನ ಪ್ರತಿ ಗೋಡೆಯೂ ತಲೆಯಲ್ಲಿದ್ದ ಮನುಷ್ಯನಿಗೆ ಹೆಂಡತಿಯ ಮುಖದ ಬಣ್ಣ ಸಿಕ್ಕಲಿಲ್ಲ. ಯಂತ್ರ ಕೆಳಗಿಟ್ಟು ಅವಳ ಹೊಲಿಗೆಯ ಸ್ಟೂಲಿನ ಹತ್ತಿರ ನೆಲದ ಮೇಲೆ ಕುಸಿದು ಕೂತ. ಎರಡೂ ಕಣ್ಣಲ್ಲಿ ನೀರು ಬಂತು, ಆ ಒಂದು ವಿಷಯದಲ್ಲಿ ಅವೆರಡೂ ಒಪ್ಪಿದವು.

"ನನಗೆ ಗೊತ್ತಾಗ್ತಿಲ್ಲ ಕಣೇ" ಅಂದ. "ನೀನು ಹಳದಿನೋ, ನನ್ನ ಕಣ್ಣೇ ಹಾಗೋ, ದೇವರಾಣೆ ಗೊತ್ತಾಗ್ತಿಲ್ಲ. ಭಯ ಆಗ್ತಿದೆ."

ಹೆಂಡತಿಯ ನಗು ಅಲ್ಲೇ ನಿಂತಿತು. ಅವನನ್ನು ಒಮ್ಮೆ ನೋಡಿದಳು, ಯಜಮಾನಿಯನ್ನು ಒಮ್ಮೆ ನೋಡಿದಳು. ಅಂಗಿಯಲ್ಲಿದ್ದ ಸೂಜಿಯನ್ನು ಕಿತ್ತು ದಾರದುಂಡೆಗೆ ಚುಚ್ಚಿ, "ಏಳಿ, ಚಪ್ಪಲಿ ಹಾಕ್ಕೊಳ್ಳಿ" ಅಂದಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಕಾಮಾಲೆ. ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಇನ್ನಷ್ಟು ದಿನ ಸೆಖೆ ಸೆಖೆ ಅಂತ ಕೂತಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಗದರಿದರು. ಮರುದಿನವೇ ಕಲ್ಲು ತೆಗೆದರು. ಎರಡು ದಿನ ಕಳೆದ ಮೇಲೆ ಅವಳು ಮಂಚದಲ್ಲಿ ಒರಗಿ ಕೂತು ಗಂಜಿ ಕುಡಿಯುವಾಗ ಮಾಮನಿಗೆ ಹಳೆ ಚಟ ತಡೆಯಲಾಗಲಿಲ್ಲ.

"ಅಂತೂ ನನ್ನ ಕಣ್ಣು ನಂಬಿ ಬಂದೆ ಅನ್ನು."

"ನಿಮ್ಮ ಕಣ್ಣಾ?"

"ಹಾಗಾದ್ರೆ ಯಂತ್ರಾನ ನಂಬಿದ್ಯಾ?"

ಅವಳು ಚಮಚ ಕೆಳಗಿಟ್ಟಳು. "ಅದನ್ನ್ಯಾರು ನಂಬ್ತಾರೆ. ನಿಮ್ಮನ್ನ ತೇಗ ಅಂತು. ನಿಮ್ಮ ಜೊತೆ ಮೂವತ್ತೈದು ವರ್ಷ ಬಾಳಿದೀನಿ, 'ನನಗೆ ಗೊತ್ತಾಗ್ತಿಲ್ಲ' ಅನ್ನೋ ಮಾತು ಒಂದೇ ಒಂದು ದಿನ ಆ ಬಾಯಿಂದ ಬಂದಿರಲಿಲ್ಲ. ಅವತ್ತು ಬಂತಲ್ಲ, ಜೀವ ಬಾಯಿಗೆ ಬಂತು ನನಗೆ. ನಾನು ಸಾಯೋದಂತೂ ಗ್ಯಾರಂಟಿ ಅಂದ್ಕೊಂಡು ಬಂದೆ."