ಕೆಂಪಕ್ಷರದ ಕೆಳಹೆಸರು

ಮುಂದಿನ ಸೀಟಿನವಳ ಸೆರಗು ಜಾರಿತು, ಕೂಸು ಮೊಲೆಗೆ ಬಾಯಿ ಹಚ್ಚಿ ಸುಮ್ಮನಾಯಿತು, ಬಸ್ಸಿನಲ್ಲಿ ಯಾರೂ ತಲೆ ಎತ್ತಲಿಲ್ಲ, ಕಂಡಕ್ಟರ್ ಕೂಡ ಕಲ್ಲೋಳಿ ಕಲ್ಲೋಳಿ ಎಂದು ಕೂಗುತ್ತ ಮುಂದೆ ಹೋದ — ನೋಡ್ರಿ ಮೇಡಂ, ಎಂದು ಆಮ್ರಪಾಲಿ, ಹುಕ್ಕೇರಿಯಲ್ಲಿರುವ ಸರಿತಾ ಮೇಡಂಗೆ ಮನಸ್ಸಿನಲ್ಲೇ ಹೇಳಿದಳು, ಇಲ್ಲಿ ಯಾರಿಗರ ನಾಚಿಕಿ ಬಂತೇನ್ರಿ? ಮೇಡಂ ನಡೆಸುವ ಮಕ್ಕಳ ಪತ್ರಿಕೆಗೆ ಅವಳ ಮೊದಲ ಲೇಖನ, ಐನೂರು ವರ್ಷ ಹಳೆಯ ಇಟಲಿಯ ಒಂದು ಹೆಣ್ಣಿನ ಚಿತ್ರದ ಮೇಲೆ, ಗೋಕಾಕ ಮುಟ್ಟುವುದರೊಳಗೆ ತಿದ್ದಿ ಕಳಿಸದಿದ್ದರೆ ಈ ಸಂಚಿಕೆ ತಪ್ಪಿಹೋಯಿತು, ಬೆಳಗ್ಗೆ ಫೋನಿನಲ್ಲಿ ಏನಂದರು, ಬರೇ ಎದಿ ಅಂತ ಬರದ್ರ ಸಾಲಿ ಹುಡುಗ್ರು ಓದೂದ್ ಹೆಂಗವಾ, ಮೈಮ್ಯಾಲ ಏನರ ಹೊಚ್ಚು, ಆಕಿ ಹೆಸರೂ ಖಡಕ್ಕಾಗಿ ಸಿಮೊನೆಟ್ಟಾ ಅಂತ ಬರಿ, ಅನುಮಾನ ಗಿನುಮಾನ ಬ್ಯಾಡ — ಹೊಚ್ಚಿದ್ದಳಲ್ಲ, ಅಯ್ಯ ನಗೆಗೇಡೇ, ಫೋನಿಟ್ಟ ಕೂಡಲೇ ತಿದ್ದಿದ ಪ್ರತಿಯಲ್ಲಿ ಆ ಇಟಲಿಯವಳಿಗೆ ತುಂಬು ಸೆರಗಿನ ಗರತಿ ಎಂದು ಬರೆದುಬಿಟ್ಟಿದ್ದಳು, ಇಳಕಲ್ಲಿಗೆ ಹೋಗಿ ಸೀರೆ ತಂದವಳ ಹಾಗೆ! ಇರುವುದು ಪಟ್ಟೆಪಟ್ಟೆಯ ಶಾಲು, ಅದೂ ಎದೆ ಬಿಟ್ಟು, ಕೊರಳ ಸರಕ್ಕೆ ಸುತ್ತಿಕೊಂಡ ಸಣ್ಣ ಹಾವು, ಚಿತ್ರದ ಬುಡದಲ್ಲಿ ದೊಡ್ಡಕ್ಷರದಲ್ಲಿ ಸಿಮೊನೆಟ್ಟಾ ಎಂಬ ಹೆಸರು, ಆ ಹೆಸರನ್ನು ಆಮೇಲೆ ಯಾರೋ ಬರೆಸಿರಬೇಕು ಅನ್ನುತ್ತಾರೆ ಬಲ್ಲವರು —

ಆಮೇಲೆ ಬರೆಸಿದ್ದು, ಮೂಡಲಗಿಯ ತಮ್ಮ ಮನೆಯ ಗೋಡೆ, ಫೋಟೋದ ಗಾಜಿನ ಮೇಲೆ ಕೆಂಪಕ್ಷರ, ಅಕ್ಕವ್ವ. ಅಕ್ಕವ್ವ ಅವಳ ಅಜ್ಜಿ, ಜನ್ಮದಲ್ಲಿ ಒಂದೂ ಫೋಟೋ ತೆಗೆಸಿಕೊಂಡವಳಲ್ಲ, ಆಕೆ ಹೋದ ಮೇಲೆ ಅಪ್ಪ ಆಕೆಯ ತಂಗಿ ಉದ್ದವ್ವನ ಫೋಟೋ ಒಯ್ದು ಗೋಕಾಕದಲ್ಲಿ ಕಟ್ಟು ಹಾಕಿಸಿ ಅಕ್ಕವ್ವ ಎಂದು ಬರೆಸಿದ, ಅದ ಮೂಗು ಅದ ಗದ್ದ, ಯಾರಿಗೆ ಗೊತ್ತಾಗತೈತಿ ಬಿಡು ಅಂದ, ಗೊತ್ತಾಗದೆ ಏನು, ಊರಿಗೆಲ್ಲ ಗೊತ್ತು, ಉದ್ದವ್ವ ಅರಭಾವಿಯಲ್ಲಿ ಇನ್ನೂ ಕಲ್ಲುಗುಂಡಿನ ಹಾಗಿದ್ದಾಳೆ, ಬಂದಾಗೊಮ್ಮೆ ತನ್ನದೇ ಫೋಟೋದ ಮುಂದೆ ನಿಂತು ಕೈ ಮುಗಿದು ಅಕ್ಕಾ ಅನ್ನುತ್ತಾಳೆ, ಕಣ್ಣು ಒರೆಸಿಕೊಳ್ಳುತ್ತಾಳೆ, ಚಹಾ ಕುಡಿದು ಹೋಗುತ್ತಾಳೆ — ಕೂಸು ತೇಗಿತು, ಆಮ್ರಪಾಲಿಗೆ ನಗು ಬಂತು, ಬೆರಳು ಫೋನಿನ ಮೇಲೆ ತಾನಾಗಿ ಓಡಿತು, ಎದೆ ತೆರೆದಿದೆ, ಇವಳು ಸಿಮೊನೆಟ್ಟಾ ಎಂದು ಹೇಳುವುದುಂಟು, ಖಾತ್ರಿಯಿಲ್ಲ, ಕಳಿಸಿಯೇಬಿಟ್ಟಳು, ಹಾಕಿದರೆ ಹಾಕಲಿ ಬಿಟ್ಟರೆ ಬಿಡಲಿ, ಜೀವ ಹಗುರಾಯಿತು, ಕಿಟಕಿಯಿಂದ ಕಬ್ಬಿನ ಗಾಳಿ, ಅಷ್ಟರಲ್ಲಿ ಮೇಡಂ ಉತ್ತರ, ಆತವಾ, ಹಂಗ ಹಾಕ್ತೇನಿ, ಆದ್ರ ಯಾರಂತ ಗೊತ್ತಿಲ್ಲದಾಕೀನ್ನ ಮಂದಿ ಯಾಕ ನೋಡಬೇಕು ಹೇಳು? ಯಾಕ ಅಂದ್ರ ಮೇಡಂ, ಎಂದು ಬರೆದಳು, ಯಾಕ ಅಂದ್ರ — ಕಣ್ಣ ಮುಂದೆ ಮನೆಯ ಗೋಡೆ, ಗಾಜಿನ ಮೇಲೆ ಕೆಂಪಕ್ಷರ, ಅದರ ಮುಂದೆ, ಹೆಸರು ತನ್ನದಲ್ಲವೆಂದು ಗೊತ್ತಿದ್ದೂ, ತನ್ನದೇ ಮುಖಕ್ಕೆ ಕೈ ಮುಗಿದು ಅಕ್ಕಾ ಅನ್ನುತ್ತಿರುವ ಉದ್ದವ್ವ —