ಎಳ್ಳಿನ ಡಬ್ಬಿಯ ಮೂರು ನಿಮಿಷ

ಹೇಮಲತಾ ಮಾತಿಗೆ ಹಿಂಜರಿಯುವ ಹೆಂಗಸೆಂದು ಯಾರಾದರೂ ಹೇಳಿದರೆ ವಡೋದರಾದ ಫತೇಗಂಜ್‌ನ ತರಕಾರಿ ಗಾಡಿಯವನೇ ನಕ್ಕುಬಿಡುತ್ತಾನೆ. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಅರ್ಜಿ ನೋಡಿದವಳು. ಕೊನೆಯ ಪುಟದಲ್ಲಿ ಸಹಿ ಇಲ್ಲದಿದ್ದರೆ, ತಂದವನು ಎಂಥ ದೊಡ್ಡ ಮನುಷ್ಯನಾದರೂ ಕಾಗದ ಅವನ ಕೈಗೇ ವಾಪಸ್. ಧಾರವಾಡದಿಂದ ವರ್ಗವಾಗಿ ವಡೋದರಾಕ್ಕೆ ಬಂದ ಮೊದಲ ವರ್ಷ ಗುಜರಾತಿ ಬಾರದೆ ಕೈಸನ್ನೆಯಲ್ಲಿ ದಬಾಯಿಸಿದಳು. ಎರಡನೇ ವರ್ಷದಿಂದ ಗುಜರಾತಿಯಲ್ಲೇ ದಬಾಯಿಸಿದಳು. ಇಂಥವಳು ಅಂಗೈಯಗಲದ ಒಂದು ಮೈಕಿನ ಮುಂದೆ ನಾಲ್ಕು ತಿಂಗಳು ಮೂಕಿಯಂತೆ ಕೂತಳು ಎಂದರೆ ಯಾರು ನಂಬಬೇಕು? ಗಂಡ ಅಚ್ಯುತನೇ ನಂಬಿರಲಿಲ್ಲ, ಎದುರಿಗೇ ಕೂತು ನೋಡುತ್ತಿದ್ದರೂ.

ಮನೆಯಲ್ಲೇ ಕೂತು ದೂರದವರ ಜೊತೆ ಗಾಳಿಯಲ್ಲಿ ಮಾತಾಡುವ ಹ್ಯಾಮ್ ರೇಡಿಯೊ ಎಂಬ ಹುಚ್ಚು ಅವಳಿಗೆ ಹತ್ತಿದ್ದು ನಿವೃತ್ತಿಗೆ ಎರಡು ವರ್ಷ ಇರುವಾಗ. ಅಕ್ಕಪಕ್ಕದವರು ಅಷ್ಟು ಹೊತ್ತಿಗೆ ಮಂಡಿನೋವು, ಯೋಗ, ಚಾರ್‌ಧಾಮ್ ಯಾತ್ರೆ ಎಂದು ಏನಾದರೊಂದು ಹಚ್ಚಿಕೊಂಡಿರುತ್ತಾರೆ. ಇವಳು ಹಳೆಯದೊಂದು ಸಣ್ಣ ರೇಡಿಯೊ ತಂದು, ಬೆಳಿಗ್ಗೆ ಎಂಟಕ್ಕೆ ಅಹಮದಾಬಾದು, ವಡೋದರಾ, ಸೂರತ್‌ಗಳ ಹ್ಯಾಮ್‌ಗಳು ಒಬ್ಬರನ್ನೊಬ್ಬರು ಕರೆಯುವುದನ್ನು ಕೇಳತೊಡಗಿದಳು. ಅದಕ್ಕೆ ಅವರು ನೆಟ್ ಎನ್ನುತ್ತಾರೆ. ಅಹಮದಾಬಾದಿನ ಹಸಮುಖ್‌ಭಾಯಿ ಎಂಬವರು ಶಾಲೆಯ ಮೇಷ್ಟರ ಹಾಗೆ ಹಾಜರಿ ಕರೆಯುತ್ತಾರೆ. ಒಬ್ಬೊಬ್ಬರೂ ಸರ್ಕಾರ ಕೊಟ್ಟ ತಮ್ಮ ಕರೆಸಂಕೇತ ಹೇಳಿ, ಹೆಸರು, ಊರು, ಹವಾಮಾನ ಹೇಳಿ, ಶುಭಾಶಯ ಕೋರಿ ಮುಗಿಸುತ್ತಾರೆ. ಮಾತಾಡುವ ವಿಷಯ ಅಷ್ಟೇ. ಸೂರತ್‌ನಲ್ಲಿ ಇಂದು ಸೆಕೆ ಎಂದು ತಿಳಿದುಕೊಳ್ಳಲು ಇಷ್ಟು ಕಷ್ಟಪಡಬೇಕೆ ಎಂದು ಅಚ್ಯುತ ಕೇಳಿದ್ದ. ಕೇಳಬೇಕಾದ ಪ್ರಶ್ನೆಯೇ. ಆದರೆ ಹೇಮಲತಾಳಿಗೆ ಬೇಕಾಗಿದ್ದುದು ಸೂರತ್‌ನ ಸೆಕೆಯಲ್ಲ. ತನ್ನ ದನಿ ಗಾಳಿಗೆ ಹೋಗಬೇಕು, ಯಾರೋ ಒಬ್ಬ ಅಪರಿಚಿತ ಅದನ್ನು ಕೇಳಿ ತನ್ನ ಸಂಕೇತವನ್ನು ತಿರುಗಿ ಹೇಳಬೇಕು. ಒಂದೇ ಒಂದು ಸಲ ಆದರೂ ಸಾಕಾಗಿತ್ತು. ಯಾಕೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಬರೀ ಕೇಳಲು ಯಾರ ಅಪ್ಪಣೆಯೂ ಬೇಡ. ಮಾತಾಡಲು ಸರ್ಕಾರದ ಪರವಾನಗಿ ಬೇಕು, ಪರವಾನಗಿಗೆ ಪರೀಕ್ಷೆ ಬೇಕು. ಆರು ತಿಂಗಳು ಓಮ್‌ನ ನಿಯಮ, ಕಂಡೆನ್ಸರು, ಟ್ರಾನ್ಸಿಸ್ಟರು ಎಂದು ರಾತ್ರಿ ಊಟದ ತಟ್ಟೆಯ ಪಕ್ಕದಲ್ಲೇ ಪುಸ್ತಕ. ಕಟ್‌ಕಟ್ ಎಂದು ತಂತಿ ಕಚೇರಿಯವರ ಮೋರ್ಸ್ ಸಂಕೇತ ಬಡಿಯುವುದು ತನ್ನ ಕೈಲಾಗದೆಂದು, ಅದು ಬೇಡದ ದರ್ಜೆಯನ್ನೇ ಆರಿಸಿಕೊಂಡಳು. ಪರೀಕ್ಷೆಗೆ ಮುಂಜಾನೆಯ ರೈಲಿನಲ್ಲಿ ಅಹಮದಾಬಾದಿಗೆ ಹೋದಳು. ಅಲ್ಲಿ ಸಾಲಾಗಿ ಕೂತಿದ್ದ ಇಂಜಿನಿಯರಿಂಗ್ ಹುಡುಗರಲ್ಲಿ ಒಬ್ಬ ಎದ್ದು ನಿಂತು, 'ಆಂಟಿ, ಯಾರನ್ನು ಬಿಡಲು ಬಂದಿರಿ?' ಎಂದ. 'ನನ್ನನ್ನೇ' ಎಂದಳು. ನಿಯಮಗಳ ಭಾಗದಲ್ಲಿ ಒಂದು ಉತ್ತರವೂ ತಪ್ಪಲಿಲ್ಲ. ನಿಯಮವೆಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು.

ಆಮೇಲೆ ಕಾಯುವ ಕೆಲಸ. ಪರವಾನಗಿಯ ವಿಚಾರಣೆಗೆ ಬಂದ ಪೊಲೀಸಪ್ಪ ಚಹಾ ಕುಡಿದು, 'ಮೊಬೈಲ್ ಇಲ್ಲವೇ ಬೆಹನ್?' ಎಂದು ಕೇಳಿದ. 'ಮೊಬೈಲಿನಲ್ಲಿ ಗೊತ್ತಿದ್ದವರ ಜೊತೆ ಮಾತಾಡುತ್ತೇವೆ. ಇದರಲ್ಲಿ ಯಾರು ಸಿಗುತ್ತಾರೋ ಅವರ ಜೊತೆ' ಎಂದಳು. ಆತ ತಲೆ ಕೆರೆದುಕೊಂಡು ಏನೋ ಬರೆದುಕೊಂಡು ಹೋದ. ಹನ್ನೊಂದು ತಿಂಗಳ ಮೇಲೆ, ಗಣಪತಿ ಹಬ್ಬ ಮುಗಿದ ವಾರ ಪರವಾನಗಿ ಬಂತು, ಅದರಲ್ಲಿ ಅವಳದೇ ಕರೆಸಂಕೇತ. ವಿಕ್ಟರ್, ಯೂನಿಫಾರ್ಮ್, ಮೂರು, ಆಮೇಲೆ ಮೂರು ಅಕ್ಷರ. ಆ ಮೂರು ಅಕ್ಷರ ಅವಳ ಸ್ವಂತದ್ದು. ಇಲ್ಲಿ ಬರೆದು ನಾನದನ್ನು ಬೀದಿಗೆ ಹಾಕುವುದಿಲ್ಲ.

ಕೇಳಲೂ ಮಾತಾಡಲೂ ಬರುವ ಒಳ್ಳೆಯ ರೇಡಿಯೊ ಸೆಟ್ ಬಂತು. ಮಕರಪುರದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಅಚ್ಯುತ ತಾನೇ ಕಬ್ಬಿಣದ ಪೈಪ್ ಬೆಸೆದು ತಂದು, ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿಕೊಟ್ಟ. ಹೇಳಬೇಕಾದ್ದನ್ನೆಲ್ಲ ಹೇಮಲತಾ ಒಂದು ಕಾರ್ಡಿನ ಮೇಲೆ ಬರೆದುಕೊಂಡಳು. ಮರುದಿನ ಎಂಟಕ್ಕೆ ಹಸಮುಖ್‌ಭಾಯಿ, 'ಹೊಸಬರು ಯಾರಾದರೂ ಇದ್ದೀರಾ?' ಎಂದು ಕೇಳಿದರು. ಅವಳ ಹೆಬ್ಬೆರಳು ಮೈಕಿನ ಮಗ್ಗುಲಿನ ಗುಂಡಿಯ ಮೇಲಿತ್ತು, ಅದನ್ನು ಒತ್ತಿ ಹಿಡಿದರೆ ಮಾತ್ರ ದನಿ ಹೊರಗೆ ಹೋಗುತ್ತದೆ. ಒತ್ತಲಿಲ್ಲ. ಐದು ಸೆಕೆಂಡು ಕಾದು ಅವರು ಮುಂದೆ ಹೋದರು. ಮರುದಿನವೂ ಹಾಗೇ. ದಸರಾ, ದೀಪಾವಳಿ ಮುಗಿದವು. ಹಸಮುಖ್‌ಭಾಯಿ ದಿನಾ ಕೇಳುವುದು, ಇವಳು ದಿನಾ ಗುಂಡಿ ಸವರುವುದು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ, ಹಾಗಿದ್ದರೆ ನಮ್ಮ ಮನೆಯಲ್ಲಿ ಬಂಗಾರದ ಗಣಿಯೇ ಇದೆ ಎಂದು ಅಚ್ಯುತ ಚುಚ್ಚಿದ. ಅವಳು ಅದಕ್ಕೂ ಉತ್ತರ ಕೊಡಲಿಲ್ಲ. ಅವನು ಹೆದರಿದ್ದು ಆಗಲೇ.

ಹೀಗಿರುವಾಗ ಸಂಕ್ರಾಂತಿ ಬಂತು. ಗುಜರಾತಿನಲ್ಲಿ ಅದು ಉತ್ತರಾಯಣ. ಅಂದು ಊರಿಗೆ ಊರೇ ಮಾಳಿಗೆ ಹತ್ತಿ ಪತಂಗ, ಅಂದರೆ ಗಾಳಿಪಟ, ಬಿಡುತ್ತದೆ. ಎಂಬತ್ತರ ಮುದುಕನೂ ಕೈಗೆ ಪಟ್ಟಿ ಸುತ್ತಿಕೊಂಡು ದಾರ ಎಳೆಯುತ್ತಾನೆ. ಹಾಗಿರುವ ಊರಿನ ಮಾಳಿಗೆಯ ನಟ್ಟನಡುವೆ ಹದಿನೆಂಟು ಅಡಿಯ ಪೈಪ್ ನಿಲ್ಲಿಸುವ ಬುದ್ಧಿ ಧಾರವಾಡದವರಿಗೆ ಮಾತ್ರ ಬರಬೇಕು. ಹಿಂದಿನ ಸಂಜೆಯೇ ವಸತಿ ಸೊಸೈಟಿಯ ಚೇರ್ಮನ್ ಬಂದು, ಎರಡು ದಿನ ಪೈಪ್ ಇಳಿಸಿಬಿಡಿ ಎಂದು ಕೈಮುಗಿದು ಹೇಳಿ ಹೋಗಿದ್ದರು. ಹೇಮಲತಾ ಮನೆಯಲ್ಲಿರಲಿಲ್ಲ. ಅಚ್ಯುತ ಆಗಲಿ ಎಂದುಬಿಟ್ಟಿದ್ದ.

ಹಬ್ಬದ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಅವಳು ಸೆಟ್ ಹಾಕಿಕೊಂಡು ಕೂತಳು. ಮೇಲೆ ಮಾಳಿಗೆಯಲ್ಲಿ ಆಗಲೇ ಗದ್ದಲ. ಹಸಮುಖ್‌ಭಾಯಿ ಹಾಜರಿ ಶುರುಮಾಡಿ ಐದಾರು ಜನ ಆಗಿತ್ತು. ಅಚ್ಯುತ ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ಕುಸುರೆಳ್ಳಿನ ಸ್ಟೀಲ್ ಡಬ್ಬಿ ಹಿಡಿದು ಒಳಗೆ ಬಂದ. ನೆರೆಯವರಿಗೆ ಹಂಚಲೆಂದು ಧಾರವಾಡದಿಂದ ತರಿಸಿದ ಎರಡು ಕಿಲೋ ಎಳ್ಳು ಅದು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಗೋಡೆಯ ಕಡೆಗೆ ಸರಿಸಿದ.

"ಪೈಪ್ ಇಳಸ್ತೀನಿ, ಹೇಮಾ. ಚೇರ್ಮನ್‌ಗ ಮಾತು ಕೊಟ್ಟೀನಿ."

"ನನ್ನ ಪೈಪಿಗೆ ನೀವ್ಯಾಕ ಮಾತು ಕೊಟ್ರಿ?"

"ಮ್ಯಾಲೆ ಹೋಗಿ ನೋಡು. ಆಗಲೇ ನಾಕು ಪತಂಗ ಸಿಕ್ಕೊಂಡಾವ. ಹುಡುಗ್ರು ಬೈಲಿಕ್ಕೆ ಹತ್ಯಾರ."

"ನೆಟ್ ನಡದದ. ಮುಗದ ಮ್ಯಾಲೆ ನೋಡೂಣು."

"ನೆಟ್ ನಡದ್ರ ನಿನಗೇನು? ನಾಕು ತಿಂಗಳಾತು, ಒಂದು ದಿನಾನರ ಬಾಯಿ ಬಿಟ್ಟೀಯೇನು? ಬರೇ ಕೇಳೂದಿದ್ರ ಆ ಸಣ್ಣ ರೇಡಿಯೊ ಸಾಕಿತ್ತು. ಪರೀಕ್ಷಾ ಯಾಕ, ಲೈಸೆನ್ಸ್ ಯಾಕ, ಮ್ಯಾಲೆ ಪೈಪ್ ಯಾಕ?"

ಅವಳು ಮುಂದಿದ್ದ ಕಾರ್ಡನ್ನು ಮೇಜಿನ ಮೇಲೆ ಮಗುಚಿಟ್ಟಳು. "ಅಂಜಿಕಿ ಬರ್ತದರೀ" ಎಂದಳು.

"ನಿನಗ? ನೀ ಅಂಜತೀ ಅಂತ ಗೊತ್ತಾದ್ರ ನಿನ್ನ ಆಫೀಸಿನವರು ಪೇಢಾ ಹಂಚ್ತಾರ."

"ನಗಬ್ಯಾಡ್ರಿ. ಕಾಲೇಜಿನಾಗ ಒಮ್ಮೆ ಹಿಂಗ ಆಗಿತ್ತು, ನಿಮಗ ಹೇಳಿಲ್ಲ. ಯಾರೋ ರೇಡಿಯೊ ಸೆಟ್ ತಂದು ತೋರಿಸಿದ್ರು. ಸರ್ ನನ್ನ ಕೈಯಾಗ ಮೈಕ್ ಕೊಟ್ರು. ಆ ಕಡೆ ಹೈದರಾಬಾದಿನಾಂವ ಒಬ್ಬಾಂವ, ಮಾತಾಡ್ರಿ, ಮಾತಾಡ್ರಿ ಅಂದ. ಗಂಟಲದಿಂದ ಸ್ವರಾನೇ ಹೊರಡ್ಲಿಲ್ಲ. ಹಿಂದ ಹುಡುಗ್ರೆಲ್ಲಾ ನಕ್ರು. ಆಮ್ಯಾಲೆ ಅಂವ ಏನಂದ ಗೊತ್ತದೇನು? ಆ ಕಡೆ ಯಾರೂ ಇಲ್ಲ ಅಂತ ಕಾಣಸ್ತದ ಅಂದು ಬಂದ್ ಮಾಡಿದ. ನಾ ಅಲ್ಲೇ ನಿಂತಿದ್ದೆ, ರೀ. ನಲವತ್ತು ವರ್ಷಾತು. ಈಗೂ ಆ ಗುಂಡಿ ಮ್ಯಾಲೆ ಬೆರಳಿಟ್ರ, ಮತ್ತ ಹಂಗ ಅಂದುಬಿಟ್ರ ಹೆಂಗ ಅಂತ ಒತ್ತಲಿಕ್ಕೇ ಆಗೂದಿಲ್ಲ."

ಅಚ್ಯುತನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಳಿಯಿತು. ಮೂವತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಯ ಬಾಯಿಂದ ಅವನು ಈ ಮಾತು ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಮುಖ ತಿರುಗಿಸಿ ಮೇಜಿನ ಕಡೆ ನೋಡಿದ.

"ಹೇಮಾ, ಆ ಕೆಂಪು ದೀಪ ಯಾಕ ಹತ್ಯದ?"

ಸೆಟ್ಟಿನ ಕೆಂಪು ದೀಪ ಹತ್ತಿದರೆ ನಮ್ಮ ದನಿ ಹೊರಗೆ ಹೋಗುತ್ತಿದೆ ಎಂದು ಅರ್ಥ. ಮೈಕ್ ಎಳ್ಳಿನ ಡಬ್ಬಿಗೂ ಗೋಡೆಗೂ ನಡುವೆ ಸಿಕ್ಕಿ ಅದರ ಗುಂಡಿ ಅದುಮಿಕೊಂಡಿತ್ತು. ಸೆಟ್ ಹೇಳುವಾಗ ಕೇಳುವುದಿಲ್ಲ. ಹಸಮುಖ್‌ಭಾಯಿಯ ದನಿ ನಿಂತಿದ್ದು ಮಾತಿನ ಭರದಲ್ಲಿ ಇಬ್ಬರ ಗಮನಕ್ಕೂ ಬಂದಿರಲಿಲ್ಲ. ಹೇಮಲತಾ ಡಬ್ಬಿಯನ್ನು ಎಳೆದ ರಭಸಕ್ಕೆ ಮುಚ್ಚಳ ಹಾರಿ ಕುಸುರೆಳ್ಳು ಮೇಜಿನ ತುಂಬ ಚೆಲ್ಲಿತು. ಬರೆದಿಟ್ಟ ಕಾರ್ಡು ಅದರಡಿ ಮುಚ್ಚಿಹೋಯಿತು. ಕೆಂಪು ದೀಪ ಆರಿತು. ಸ್ಪೀಕರಿನಲ್ಲಿ ಜನ ಮಾತಾಡತೊಡಗಿದರು.

"ಪೂರಾ ಮೂರು ನಿಮಿಷ" ಎನ್ನುತ್ತಿದ್ದರು ಹಸಮುಖ್‌ಭಾಯಿ, ಹಿಂದಿಯಲ್ಲಿ. "ಯಾವ ಸ್ಟೇಷನ್ ಎಂದು ಗೊತ್ತಾಗಲಿಲ್ಲ. ಒಬ್ಬರು ಹೆಂಗಸು, ಒಬ್ಬರು ಗಂಡಸು. ತಮಿಳು ಇರಬೇಕು."

"ತೆಲುಗು" ಎಂದಿತು ಇನ್ನೊಂದು ದನಿ.

"ಮಲಯಾಳಂ. ನನ್ನ ಪಕ್ಕದ ಮನೆಯವರು ಹೀಗೇ ಜಗಳವಾಡುತ್ತಾರೆ."

ಇದು ಇನ್ನೂ ಬೆಳೆಯುವುದಿತ್ತು. ಅಷ್ಟರಲ್ಲಿ ಸೂರತ್‌ನಿಂದ ಒಬ್ಬರು ನಡುವೆ ಬಂದರು. ಕಿಶೋರ್ ಎಂದು ಹೆಸರು. ಹೇಮಲತಾ ಆ ದನಿಯನ್ನು ಎರಡು ವರ್ಷದಿಂದ ಬಲ್ಲಳು, ದಿನಾ ಸೂರತ್‌ನ ಸೆಕೆ ಹೇಳುವವರು ಅವರೇ. ನೆಟ್‌ನಲ್ಲಿ ಹಿಂದಿ ಬಿಟ್ಟು ಬೇರೆ ಮಾತಾಡಿದವರಲ್ಲ. "ಅದು ಕನ್ನಡ" ಎಂದರು ಕಿಶೋರ್. "ನನಗೆ ಎಲ್ಲ ತಿಳಿಯಿತು. ಆದರೆ ಮನೆಯ ಮಾತು. ನಾನು ಅನುವಾದ ಮಾಡುವುದಿಲ್ಲ."

ಹೇಮಲತಾಳ ಕಿವಿ ಬಿಸಿಯಾಯಿತು. ಎಲ್ಲವನ್ನೂ ಕೇಳಿದ ಒಬ್ಬ ಮನುಷ್ಯ ಸೂರತ್‌ನಲ್ಲಿದ್ದಾನೆ.

ಹಸಮುಖ್‌ಭಾಯಿ ಗಂಟಲು ಸರಿಮಾಡಿಕೊಂಡರು. "ಆ ಸ್ಟೇಷನ್ ಕೇಳುತ್ತಿದ್ದರೆ ತಮ್ಮ ಗುರುತು ಹೇಳಬೇಕು. ಇಲ್ಲದಿದ್ದರೆ ಗುರುತಿಲ್ಲದ ಸ್ಟೇಷನ್ ಎಂದು ಬರೆದುಕೊಂಡು ಮುಂದೆ ಹೋಗುತ್ತೇನೆ."

ಅಚ್ಯುತ ಪಿಸುಗುಟ್ಟಿದ. "ಸುಮ್ನಿರು. ನಾವಂತ ಯಾರಿಗೂ ಗೊತ್ತಿಲ್ಲ." ಅವನು ಹೇಳಿದ್ದು ನಿಜ. ವಡೋದರಾದಲ್ಲಿ ಕನ್ನಡದ ಹ್ಯಾಮ್ ಒಬ್ಬಳಿದ್ದಾಳೆಂದು ಆ ಮೂರು ಊರುಗಳಲ್ಲಿ ಯಾರಿಗೂ ತಿಳಿದಿರಲಿಲ್ಲ. ಈಗ ಸೆಟ್ ಆರಿಸಿ, ಚೆಲ್ಲಿದ ಎಳ್ಳು ಬಳಿದು, ಪೈಪ್ ಇಳಿಸಿದರೆ ಮುಗಿಯಿತು. ಮರ್ಯಾದೆಯೂ ಉಳಿಯುತ್ತದೆ. ಅವಳಿಗೆ ಒಂದು ಗಳಿಗೆ ಹಾಗೇ ಮಾಡಬೇಕೆನಿಸಿತು.

"ಗುರುತಿಲ್ಲದ ಸ್ಟೇಷನ್ ಅಂತರೀ" ಎಂದಳು ಗಂಡನಿಗೆ. ಮೂವತ್ತು ವರ್ಷ ಸಹಿಯಿಲ್ಲದ ಕಾಗದ ವಾಪಸ್ ಕೊಟ್ಟವಳ ದನಿಯೇ ಅದು. "ನನ್ನ ಕಾಗದಕ್ಕ ಸಹಿ ಇಲ್ಲ ಅಂತ ಬರಕೋತಾರಂತ."

ಮೈಕ್ ಎತ್ತಿಕೊಂಡಳು. ಗುಂಡಿ ಒತ್ತಿದಳು. ವಿಕ್ಟರ್, ಯೂನಿಫಾರ್ಮ್, ಮೂರು ಎಂದಳು, ಆಮೇಲೆ ತನ್ನ ಮೂರು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳಿ, ಹಿಂದಿಯಲ್ಲೇ ಮುಂದುವರಿಸಿದಳು. "ಆ ಸ್ಟೇಷನ್ ನನ್ನದು. ಹೆಸರು ಹೇಮಲತಾ, ಊರು ವಡೋದರಾ. ಎಳ್ಳಿನ ಡಬ್ಬಿ ಮೈಕನ್ನು ಅದುಮಿತ್ತು. ತಪ್ಪು ನನ್ನದು. ಓವರ್."

ಗುಂಡಿ ಬಿಟ್ಟಳು. ಸ್ಪೀಕರಿನಲ್ಲಿ ಬರೀ ಕೊರಕೊರ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದಳು. ಮೇಲೆ ಯಾರದೋ ಪತಂಗ ಕಡಿದುಹೋಗಿ, ಕಾಯ್‌ಪೋ ಛೇ, ಕತ್ತರಿಸಿದೆ ಎಂದು ಮಾಳಿಗೆಯೇ ಕುಣಿಯಿತು. ನಾಲ್ಕು.

ಹಸಮುಖ್‌ಭಾಯಿ ಅವಳ ಸಂಕೇತವನ್ನು ಮೊದಲಿಂದ ಕೊನೆಯ ತನಕ, ಒಂದಕ್ಷರ ಬಿಡದೆ, ಬರೆದುಕೊಳ್ಳುವವರ ನಿಧಾನದಲ್ಲಿ ತಿರುಗಿ ಹೇಳಿದರು. "ನಿಮ್ಮ ದನಿ ಬಹಳ ಸ್ಪಷ್ಟವಾಗಿ ಕೇಳಿಸುತ್ತಿದೆ, ಹೇಮಲತಾಬೆನ್. ನೆಟ್‌ಗೆ ಸ್ವಾಗತ. ಮಾತಾಡುತ್ತಿರುವುದು ಇದೇ ಮೊದಲೇ?"

"ಅಲ್ಲ, ಎರಡನೇ ಸಲ. ಮೊದಲನೆಯದನ್ನು ನೀವೆಲ್ಲ ಮೂರು ನಿಮಿಷ ಕೇಳಿದ್ದೀರಿ."

ಯಾರೋ ಗುಂಡಿ ಒತ್ತಿಕೊಂಡೇ ನಕ್ಕರು. ಆಮೇಲೆ ಸೂರತ್‌ನ ದನಿ ಬಂತು, ಈ ಸಲ ಕನ್ನಡದಲ್ಲಿ. "ಮೇಡಂ, ನಾನು ಕಿಶೋರ್, ಹಾಸನದ ಕಡೆಯೋನು. ನಿಮ್ಮ ಆ ಮೂರು ನಿಮಿಷಾನೂ ಪೂರ್ತಿ ಕೇಳಿಸ್ತು. ಈ ಕಡೆ ನಾನಿದ್ದೆ."

ಹೇಮಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳು ಬಂದಿದ್ದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಮೇಜಿನ ಮೇಲಿನ ನಾಲ್ಕು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದ ಹಾಂಗ ಇರೂಣ್ರಿ, ಕಿಶೋರ್ ಅವರ" ಎಂದಳು. ಆಮೇಲೆ ಹಾಸನದಲ್ಲಿ ಯಾವ ಊರು, ಹಬ್ಬಕ್ಕೆ ಮನೆಯಲ್ಲಿ ಏನು ಮಾಡಿದ್ದಾರೆ, ಸೂರತ್‌ನಲ್ಲಿ ಇವತ್ತು ಸೆಕೆ ಹೇಗಿದೆ ಎಂದು ಕೇಳಿದಳು. ಹಸಮುಖ್‌ಭಾಯಿ ಎರಡು ಸಲ ಕೆಮ್ಮಿ ನೋಡಿದರು. ನಾಲ್ಕು ತಿಂಗಳ ಮಾತು, ಕೆಮ್ಮಿದರೆ ನಿಲ್ಲುತ್ತದೆಯೇ?

ಅಚ್ಯುತ ಸ್ಪ್ಯಾನರ್ ಅನ್ನು ಕಪಾಟಿನಲ್ಲಿಟ್ಟ. ಬಾಗಿಲ ಹಿಂದಿನ ಜೇಡರ ಬಲೆ ಹೊಡೆಯುವ ಕೋಲು ತೆಗೆದುಕೊಂಡು ಮಾಳಿಗೆ ಹತ್ತಿ, ಪೈಪಿಗೆ ಸುತ್ತಿಕೊಂಡಿದ್ದ ಪತಂಗಗಳನ್ನು ಒಂದೊಂದಾಗಿ ಬಿಡಿಸಿ ಮಕ್ಕಳ ಕೈಗೆ ಕೊಟ್ಟ. ಆಮೇಲೂ ಅಲ್ಲೇ ನಿಂತ. ಚೇರ್ಮನ್ ಹತ್ತಿರ ಬಂದು, ಇಳಿಸುತ್ತೇನೆ ಎಂದಿದ್ದಿರಲ್ಲ ಎಂದು ಕೇಳಿದರು.

"ಇವತ್ತು ಆಗುವುದಿಲ್ಲ, ಸಾಹೇಬರೇ" ಎಂದ ಅಚ್ಯುತ, ತನ್ನ ಹರಕುಮುರುಕು ಗುಜರಾತಿಯಲ್ಲಿ. "ಸಂಜೆಯ ತನಕ ಬೇಕಾದರೆ ನಾನು ಇಲ್ಲೇ ನಿಂತು ದಾರ ಬಿಡಿಸಿಕೊಡುತ್ತೇನೆ. ಕೆಳಗೆ ನನ್ನ ಹೆಂಡತಿ ಮಾತಾಡುತ್ತಿದ್ದಾಳೆ."